ಮೂಟೆಯ ಮೇಲೆ ಕೂತು ಕೇಳಿದ ಪ್ರಶ್ನೆ

ಜನವರಿ ಹನ್ನೊಂದು, ಶನಿವಾರ

ಚಳಿಗಾಲ ನನ್ನ ಅಪ್ಪಣೆ ಕೇಳಿಯೇ ಕಾಲಿಡುತ್ತದೆ; ಕಂಬಳಿ ವ್ಯಾಪಾರದಲ್ಲಿ ನನ್ನ ಅಂದಾಜು ಇದುವರೆಗೆ ಒಮ್ಮೆಯೂ ತಪ್ಪಿಲ್ಲ. ಈ ವರ್ಷ ಮಾತ್ರ ಅದು ಕೇಳಲೂ ಇಲ್ಲ, ಬರಲೂ ಇಲ್ಲ. ಫ್ಯಾನಿನ ಕೆಳಗೆ ಬನಿಯನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ.

ಮಧ್ಯಾಹ್ನ ಅಕ್ಕನ ಮಗಳು ಕಾಲೇಜಿನ ಸಮೀಕ್ಷೆಯ ಹಾಳೆ ಹಿಡಿದು ಅಂಗಡಿಗೆ ಬಂದಳು. ಇನ್ನೂ ಬಿಚ್ಚದ ಕಂಬಳಿ ಮೂಟೆಯ ಮೇಲೆ ಕೂತಳು.

“ಹವಾಮಾನ ಬದಲಾಗ್ತಿದೆ ಅನ್ಸುತ್ತಾ ಮಾವ?”

“ಬದಲಾಗಿರೋದು ಜನ ಕಣೇ. ಎರಡು ದಿನ ಸೆಕೆ ಆದ್ರೆ ಪ್ರಳಯ ಅಂತಾರೆ.”

“ಅದರಿಂದ ನಿಮಗೇನಾದ್ರೂ ನಷ್ಟ ಆಗಿದ್ಯಾ? ಹೆಸರು ಬರ್ಕೊಳ್ಳಲ್ಲ, ನಿಜ ಹೇಳಿ.”

ಅಂಗಡಿಗೆ ಅಂಟಿದ ಮನೆಯೊಳಗೆ ಹೆಂಡತಿ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

“ನನಗಾ? ಬಿಡಿಗಾಸೂ ಇಲ್ಲ, ಬರ್ಕೋ” ಎಂದೆ. ಉತ್ತರದ ಮೇಲೆಯೇ ಕೂತಿದ್ದ ಹುಡುಗಿ ‘ಇಲ್ಲ’ ಎಂದು ಬರೆದುಕೊಂಡಳು.

ಇದೇ ಪ್ರಶ್ನೆಯನ್ನು ಎಷ್ಟೋ ದೇಶಗಳಲ್ಲಿ ಕೇಳುತ್ತಿದ್ದಾರಂತೆ. ಎಲ್ಲವನ್ನೂ ಕೂಡಿಸಿದರೆ ಜನಾಭಿಪ್ರಾಯವಂತೆ. ಅಲ್ಲೂ ನನ್ನಂಥ ಮಾವಂದಿರು ಇದ್ದೇ ಇರುತ್ತಾರೆ, ಹೆಂಡತಿ ಕೇಳಿಸಿಕೊಂಡಾಳೆಂದು ‘ಇಲ್ಲ’ ಎಂದವರು. ಆ ‘ಇಲ್ಲ’ಗಳನ್ನೆಲ್ಲ ನಂಬಿ ಲೋಕ ನೆಮ್ಮದಿಯಾಗಿ ಮಲಗಿಬಿಟ್ಟರೆ? ಸಂಜೆಯಿಂದ ಇದೊಂದೇ ಕೊರೆಯುತ್ತಿದೆ. ಸುಳ್ಳು ಹೇಳುವುದು ನನಗೇನು ಹೊಸದಲ್ಲ. ಆದರೆ ನನ್ನ ಸುಳ್ಳು ಲೆಕ್ಕಕ್ಕೆ ಬಂದದ್ದು ಇದೇ ಮೊದಲು.

ನಾಳೆ ಅವಳನ್ನು ಕರೆದು ತಿದ್ದಿಸಬೇಕು. ಮೊದಲು ಹೆಂಡತಿಗೆ ಹೇಳಬೇಕು. ಈ ಸಲ ತರಿಸಿದ್ದು ಅಂಗಡಿಯಲ್ಲಿರುವ ಆ ಒಂದೇ ಮೂಟೆ, ಎಂಟು ಸಾವಿರದ್ದು ಎಂದು ಅವಳಿಗೆ ಹೇಳಿದ್ದೇನೆ. ಬೀಗ ಹಾಕಿದ ಹಿಂದಿನ ಕೋಣೆಯಲ್ಲಿ ಅಂಥವೇ ಇನ್ನೂ ಹದಿನಾಲ್ಕು ಮೂಟೆಗಳಿವೆ. ಹೋದದ್ದು ಒಂದು ಲಕ್ಷದ ಹದಿನೆಂಟು ಸಾವಿರ.