ಜಪ್ತಿ ಕಾರನ್ನು ಒಂದು ಸುತ್ತು ತಳ್ಳಿದ್ದಕ್ಕೆ ಸಮಜಾಯಿಷಿ

ಮಾನ್ಯ ಸಾರಿಗೆ ಅಧಿಕಾರಿಗಳೇ,

ಕಚೇರಿಯ ವಶದಲ್ಲಿದ್ದ ಹಳೆಯ ಫಿಯೆಟ್ ಕಾರನ್ನು ಅನುಮತಿಯಿಲ್ಲದೆ ಸ್ಥಳಾಂತರಿಸಿದ್ದೇಕೆ ಎಂದು ಕೇಳಿ ನೀವು ಕಳಿಸಿದ ನೋಟಿಸು ತಲುಪಿದೆ. ಹೌದು, ಸ್ಥಳಾಂತರಿಸಿದೆವು. ನಿಮ್ಮ ಆವರಣದ ಬೇಲಿಯ ಮೂಲೆಯಿಂದ ಹೊರಟು, ಬೈಕಿನವರು ಎಂಟು ಹಾಕಿ ತೋರಿಸುವ ಜಾಗದಲ್ಲಿ ಒಂದು ಸುತ್ತು ಬಂದು, ಮತ್ತೆ ಅದೇ ಬೇಲಿಯ ಮೂಲೆಗೆ ಸ್ಥಳಾಂತರಿಸಿದೆವು. ಇಂಜಿನ್ ಚಾಲೂ ಮಾಡಲಿಲ್ಲ, ಗೇಟು ದಾಟಲಿಲ್ಲ. ಇದು ಅಪರಾಧವಾದರೆ ಒಪ್ಪಿಕೊಂಡಿದ್ದೇನೆ. ಆದರೆ ಸಮಜಾಯಿಷಿಯನ್ನು ಲಕೋಟೆಯಲ್ಲಿಟ್ಟು ಕೊಟ್ಟರೆ ಅದು ನಿಮ್ಮ ಕಚೇರಿಯಲ್ಲಿ ಎಲ್ಲಿ ಹೋಗಿ ಸೇರುತ್ತದೆ ಎಂಬುದು ನನಗೆ ಅನುಭವದಿಂದ ಗೊತ್ತಿರುವುದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ಒಂದು ಸಣ್ಣ ಅನುಮಾನ. ನಿಮ್ಮ ನೋಟಿಸು ಬಂದ ವಾರವೇ ನಿಮ್ಮದೇ ಕಚೇರಿಯ ಹರಾಜು ಪ್ರಕಟಣೆಯೂ ಬಂತು. ವಾರಸುದಾರರಿಲ್ಲದ ವಾಹನಗಳನ್ನು ಗುಜರಿಗೆ ಮಾರುವ ಆ ಪಟ್ಟಿಯಲ್ಲಿ ನಮ್ಮ ಕಾರೂ ಇದೆ. ಒಂದು ಕಾಗದದಲ್ಲಿ ಆ ಕಾರಿಗೆ ದಿಕ್ಕುದೆಸೆಯಿಲ್ಲ, ಇನ್ನೊಂದು ಕಾಗದದಲ್ಲಿ ನನ್ನ ಹೆಸರು, ವಿಳಾಸ, ಪಿನ್‌ಕೋಡು ಎಲ್ಲ ಇದೆ. ಗದರಿಸುವುದಕ್ಕೆ ಸಿಗುವ ವಾರಸುದಾರರು ಕಾರು ಹಿಂದಿರುಗಿಸುವುದಕ್ಕೆ ಮಾತ್ರ ಹೇಗೆ ಕಾಣೆಯಾಗುತ್ತಾರೆ? ಎರಡೂ ಕಾಗದಗಳ ಕೆಳಗೆ ಒಂದೇ ಸಹಿ ಇದೆ. ಇದನ್ನು ಓದಿದಾಗ ಕೋಪ ಬರಬೇಕಿತ್ತು. ಬರಲಿಲ್ಲ. ಎರಡನ್ನೂ ಮಡಿಸಿ ಬೀರುವಿನ ಮೇಲಿಟ್ಟು ಅನ್ನಕ್ಕಿಟ್ಟೆ. ಈಗೀಗ ನನಗೆ ಯಾವುದೂ ಅಷ್ಟಾಗಿ ತಾಗುವುದಿಲ್ಲ.

ಆ ಕಾರು ಯಾರದು ಎಂದು ಹೇಳಿಬಿಡುತ್ತೇನೆ. ನಮ್ಮಪ್ಪ ಚಿಕ್ಕನರಸಯ್ಯ ಮಧುಗಿರಿಯಲ್ಲಿ ವಕೀಲರಾಗಿದ್ದರು. ಊರು ಕೊರಟಗೆರೆ ತಾಲ್ಲೂಕಿನಲ್ಲಿ, ಸಿದ್ದರಬೆಟ್ಟದ ತಪ್ಪಲಿಗೆ. ನಮ್ಮ ಕೇರಿಯಿಂದ ಕರಿಕೋಟು ಹಾಕಿದವರಲ್ಲಿ ಅವರೇ ಮೊದಲಿಗರು. ತುಮಕೂರಿನ ಡಾಕ್ಟರೊಬ್ಬರಿಂದ ಅವರು ಸೆಕೆಂಡ್ ಹ್ಯಾಂಡ್ ಫಿಯೆಟ್ ಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಬೂದಿ ಬಣ್ಣದ, ಮೈಸೂರು ರಾಜ್ಯದ ಕಾಲದ ನಂಬರಿದ್ದ ಕಾರು. ನಮ್ಮ ಕೇರಿಗೆ ಹೋಗಬೇಕಾದರೆ ದೊಡ್ಡಬೀದಿಯನ್ನು ಹಾದೇ ಹೋಗಬೇಕು. ಆ ಬೀದಿಯಲ್ಲಿ ನಮ್ಮವರು ಚಪ್ಪಲಿ ಮೆಟ್ಟಿಕೊಂಡು ನಡೆಯುವಂತಿರಲಿಲ್ಲ. ಬೀದಿಯ ತುದಿಯಲ್ಲಿ ಬಿಚ್ಚಿ, ಕಂಕುಳಲ್ಲಿ ಇಟ್ಟುಕೊಂಡು, ಕೇರಿ ಬಂದ ಮೇಲೆ ಮತ್ತೆ ಮೆಟ್ಟಿಕೊಳ್ಳಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಡದ ಕಾನೂನನ್ನು ಮುರಿಯುವುದು ಬಲು ಕಷ್ಟ ಎಂದು ಅಪ್ಪ ಹೇಳುತ್ತಿದ್ದರು. ಆದರೆ ಕಾರಿನೊಳಗೆ ಕೂತವರ ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ ಹೊರಗಿನವರಿಗೆ ಕಾಣುವುದಿಲ್ಲವಲ್ಲ. ಅಪ್ಪ ಬೀದಿಯ ಬಾಯಿಗೆ ಬರುತ್ತಿದ್ದಂತೆ ಗ್ಲಾಸು ಇಳಿಸಿ, ಒಂದನೇ ಗೇರಿಗೆ ಹಾಕಿ, ಹಸು ನಡೆದಂತೆ ನಿಧಾನವಾಗಿ ಕಾರು ಬಿಡುತ್ತಿದ್ದರು.

ಹಾಗಾಗಿ ಅದು ಬರೀ ನಮ್ಮ ಮನೆಯ ಕಾರಾಗಿ ಉಳಿಯಲಿಲ್ಲ. ಕೇರಿಗೆ ಬರುವ ಮದುಮಗಳು ಅದರಲ್ಲೇ ಬರಬೇಕು. ಹೆರಿಗೆಗೆ ಹೊರಟವಳು ಅದರಲ್ಲೇ ಹೋಗಬೇಕು. ಎಸ್ಸೆಸ್ಸೆಲ್ಸಿ ಪಾಸಾದ ಮಕ್ಕಳಿಗಂತೂ ಅದು ಕಟ್ಟುಕಟ್ಟಳೆಯೇ ಆಗಿಹೋಯಿತು. ಹೊಸ ಚಪ್ಪಲಿ ಹಾಕಿಸಿ, ಕಾರಿನಲ್ಲಿ ಕೂರಿಸಿ, ದೊಡ್ಡಬೀದಿಯಲ್ಲಿ ಒಂದು ಸಲ ಹೋಗಿ ಬರುವುದು. ನಾನೂ ಹಾಗೆ ಹೋಗಿ ಬಂದಿದ್ದೇನೆ. ಸೀಟು ಮೆತ್ತಗಿತ್ತು, ಚಪ್ಪಲಿ ಕಚ್ಚುತ್ತಿತ್ತು, ಅಷ್ಟೇ ನೆನಪು. ಹೋಗದವಳು ಒಬ್ಬಳೇ, ನಮ್ಮವ್ವ ಚಿಕ್ಕಹನುಮಕ್ಕ. ಯಾವಾಗ ನೋಡಿದರೂ ಕಾರು ಬೇರೆಯವರಿಂದ ತುಂಬಿರುತ್ತಿತ್ತು. ಹತ್ತವ್ವ ಎಂದರೆ, ನಮ್ಮದೇ ಕಾರಲ್ಲವಾ, ಯಾವಾಗ ಬೇಕಾದರೂ ಕೂತರಾಯಿತು, ಮೊದಲು ಅವರು ಹೋಗಲಿ ಎನ್ನುತ್ತಿದ್ದಳು. ಮನೆಯ ದೀಪವೆಂದು ಯಾರೂ ಮುತ್ತಿಡುವುದಿಲ್ಲ, ನಿಜ. ಆದರೆ ಅವ್ವ ಹತ್ತಿರಕ್ಕೂ ಹೋಗಲಿಲ್ಲ. ಅಪ್ಪ ತೀರಿಕೊಂಡರು. ಕಾರು ಮನೆಯ ಹಿಂದಿನ ಚಪ್ಪರದಲ್ಲಿ ನಿಂತಿತು.

ಅದರ ಸುತ್ತ ರಾಗಿಹುಲ್ಲು ಬಂದು ಬಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಟ್ಟವು. ಅಪ್ಪ ದೀಕ್ಷೆ ತೆಗೆದುಕೊಂಡು ಗೋಡೆಗೆ ಬುದ್ಧನ ಪಟ ಹಾಕಿ ಹೋಗಿದ್ದರೂ, ಅವ್ವ ಮಾತ್ರ ಆಯುಧಪೂಜೆಯ ದಿನ ಹುಲ್ಲು ಸರಿಸಿ ಆ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವುದನ್ನು ಬಿಡಲಿಲ್ಲ. ಚಕ್ರ ಉರುಳದೆ ಹಣ್ಣು ಅಲ್ಲೇ ಒಣಗುತ್ತಿತ್ತು. ಅದನ್ನು ನೋಡಿ ನೋಡಿ ಬೇಸತ್ತ ನನ್ನ ತಮ್ಮ ಲಕ್ಷ್ಮೀಪತಿ ಒಂದು ದಿನ ಹುಲ್ಲನ್ನೆಲ್ಲ ಎಳೆದು ಹಾಕಿ ಕಾರನ್ನು ಹೊರಗೆ ತಂದ. ಅವನು ಪಾವಗಡದ ಸೋಲಾರ್ ಪಾರ್ಕಿನಲ್ಲಿ ಜೀಪು ಓಡಿಸುತ್ತಾನೆ. ಸಿರಾದಲ್ಲಿ ಟಿಂಕರಿಂಗ್ ಕೆಲಸದ ಬಾಬಾಜಾನ್ ಅವರ ಶೆಡ್ಡಿಗೆ ಅದನ್ನು ಲಾರಿಯಲ್ಲಿ ಸಾಗಿಸಿದ. ತಳದ ತಗಡು ಕೈಯಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ತಳವನ್ನು ಪೂರಾ ಕತ್ತರಿಸಿ ಹೊಸದು ಕೂರಿಸಿದರು. ಜಾಮ್ ಆಗಿದ್ದ ಇಂಜಿನ್ನಿಗೆ ಸೀಮೆಎಣ್ಣೆ ಕುಡಿಸಿ, ದಿನಗಟ್ಟಲೆ ಕಾದು, ಬಿಚ್ಚಿ ತೊಳೆದು ಮತ್ತೆ ಜೋಡಿಸಿದರು. ಬಣ್ಣ ಹೇಗಿತ್ತೆಂದು ನಮಗೇ ಮರೆತುಹೋಗಿತ್ತು. ಡ್ಯಾಶ್‌ಬೋರ್ಡಿನ ಒಳಮಗ್ಗುಲಲ್ಲಿ ಬಿಸಿಲು ತಾಗದ ಕಡೆ ಅದೇ ಬೂದಿ ಬಣ್ಣ ಉಳಿದಿತ್ತು, ಅದನ್ನು ನೋಡಿಕೊಂಡು ಬಳಿದರು. ಎರಡು ವರ್ಷ ಹಿಡಿಯಿತು. ಮೊದಲ ಸಲ ಇಂಜಿನ್ ಗುರುಗುಟ್ಟಿದಾಗ ಲಕ್ಷ್ಮೀಪತಿ ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದು ಅವ್ವನಿಗೆ ಕೇಳಿಸಿದ. ಅವ್ವನಿಗೆ ಆಗಲೇ ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಸುಕಾಗುತ್ತಿತ್ತು. ಕೇಳಿಸಿಕೊಂಡು ಹೇಳಿದಳು, "ದೊಡ್ಡಬೀದಿಲಿ ಒಂದ್ಸಲ ಕೂತ್ಕಂಡ್ ಓಗ್ಬೇಕು ಕಣಪ್ಪ. ಕಣ್ಣು ಪೂರಾ ಓಗೋಕ್ ಮುಂಚೆ."

ಈಗ ಆ ಬೀದಿಯಲ್ಲಿ ಚಪ್ಪಲಿಯ ಮಾತನ್ನು ಯಾರೂ ಎತ್ತುವುದಿಲ್ಲ. ಹುಡುಗರು ಶೂ ಹಾಕಿಕೊಂಡು ಬೈಕಿನಲ್ಲಿ ಹೋಗುತ್ತಾರೆ. ಆದರೂ ಅವ್ವ ಬೀದಿ ಬಂದ ಕೂಡಲೇ ಬಗ್ಗಿ ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಳ್ಳುತ್ತಾಳೆ. ಯಾಕವ್ವ ಎಂದರೆ, ಅಭ್ಯಾಸ ಎನ್ನುತ್ತಾಳೆ. ಕಾರು ಬೇಕಾಗಿದ್ದುದು ಇದಕ್ಕೇ.

ಇಲ್ಲಿ ನಾವು ತಪ್ಪು ಮಾಡಿದೆವು. ಬಾಬಾಜಾನ್ ಅಂದೇ ಬುದ್ಧಿ ಹೇಳಿದ್ದರು, "ಅಮ್ಮಾಜಿನ ಕೂರಿಸ್ಕಂಡು ಒಂದು ರೌಂಡ್ ಹೊಡ್ಕಂಡ್ ಬರ್ರಿ ಸಾಬ್. ಆಫೀಸ್ ಗೀಫೀಸ್ ಆಮೇಲೆ." ಊರಿನ ಬೀದಿಯಲ್ಲಿ ಒಂದು ಬೆಳಿಗ್ಗೆ ಕಾರು ಹೋಗಿಬಂದರೆ ಯಾರು ಕೇಳುತ್ತಿದ್ದರು? ಆದರೆ ನಾವು ವಕೀಲರ ಮಕ್ಕಳು. ಕಾಗದ ಸರಿಯಿಲ್ಲದ ಗಾಡಿ ರಸ್ತೆಗಿಳಿಯಬಾರದು ಎಂದು ಕಲಿತವರು. ಅಪ್ಪ ಆ ಬೀದಿಯಲ್ಲಿ ಕಾರು ಬಿಟ್ಟಿದ್ದೇ ಕಾನೂನಿನ ಧೈರ್ಯದ ಮೇಲೆ, ನಾವು ಕಾನೂನು ಮೀರಿ ಅದನ್ನು ಅಲ್ಲಿಗೆ ಒಯ್ಯುವುದೇ ಎಂದು ಲಕ್ಷ್ಮೀಪತಿ ಅಂದ, ನಾನು ಹೌದೆಂದೆ. ಹೈಸ್ಕೂಲಿನಲ್ಲಿ ಮಕ್ಕಳಿಗೆ ನಾಗರಿಕರ ಕರ್ತವ್ಯಗಳನ್ನು ಪಾಠ ಮಾಡುವವಳು ನಾನು, ಇನ್ನೇನು ಹೇಳಲಿ? ಸಿರಾದಿಂದ ನಿಮ್ಮ ಕಚೇರಿಯವರೆಗೆ ಕಾರನ್ನು ಮತ್ತೆ ಲಾರಿಯ ಮೇಲೆ ಹೇರಿಕೊಂಡೇ ಬಂದೆವು. ಓಡುವ ಕಾರನ್ನು ಹೊತ್ತು ತಂದವರನ್ನು ನೋಡಿ ನಿಮ್ಮ ಗೇಟಿನಲ್ಲಿದ್ದವರು ನಕ್ಕರು. ನಾವೂ ನಕ್ಕೆವು, ಆಗ ನಗು ಬರುತ್ತಿತ್ತು.

ನಿಮ್ಮ ನಿರೀಕ್ಷಕರು ಬ್ರೇಕು, ಹಾರನ್ನು, ಲೈಟು ಎಲ್ಲ ನೋಡಿದರು. ಸರಿಯಿದೆ ಎಂದರು. ಅಪ್ಪನ ಹೆಸರಿನ ಆರ್‌ಸಿ ಪುಸ್ತಕ ಕೊಟ್ಟೆವು, ತಹಸೀಲ್ದಾರರು ಕೊಟ್ಟ ವಾರಸುದಾರಿಕೆಯ ಪ್ರಮಾಣಪತ್ರ ಕೊಟ್ಟೆವು. ಆಮೇಲೆ ಗೊತ್ತಾಯಿತು, ಆ ಕಾಲದ ನಿಮ್ಮ ಕಚೇರಿಯ ದಾಖಲೆಗಳು ಸಿಗುತ್ತಿಲ್ಲವಂತೆ. ನಿಮ್ಮ ಬಳಿ ಇರಬೇಕಾದದ್ದು ಇಲ್ಲ, ಆದ್ದರಿಂದ ನಮ್ಮ ಬಳಿ ಇರುವುದು ಸಂಶಯಾಸ್ಪದ. ನೀವು ಕಳೆದದ್ದಕ್ಕೆ ನಾವು ಕಳ್ಳರು. ಪರಿಶೀಲನೆ ಮುಗಿಯುವ ತನಕ ವಾಹನ ಕಚೇರಿಯ ವಶದಲ್ಲಿರಲಿ ಎಂದಿರಿ. ಅದು ಹೋದ ವರ್ಷ ಮಳೆಗಾಲಕ್ಕೆ ಮೊದಲು. ಅಂದಿನಿಂದ ನಾನು ಬರದ ತಿಂಗಳಿಲ್ಲ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಕಡತ ಮೇಲಕ್ಕೆ ಹೋಗಿದೆ, ಕಡತ ಕೆಳಕ್ಕೆ ಬಂದಿದೆ. ಏಣಿ ಹತ್ತಿಳಿಯುವ ಆ ಕಡತಕ್ಕೆ ನಮ್ಮವ್ವನಿಗಿಂತ ಗಟ್ಟಿ ಮಂಡಿಗಳಿವೆ. ಇತ್ತ ಬೇಲಿಯ ಮೂಲೆಯಲ್ಲಿ, ಜಪ್ತಿಯಾದ ಮರಳು ಲಾರಿಗಳ ನಡುವೆ, ಹೊಸ ಬಣ್ಣ ಮುಚ್ಚುವಂತೆ ಪಾರ್ಥೇನಿಯಂ ಕಳೆ ಬೆಳೆಯಿತು. ಒಂದು ಟೈರು ಗಾಳಿಯಿಳಿದು ಕೂತಿತು. ಎರಡು ವರ್ಷ ಉಜ್ಜಿ ತೆಗೆದ ತುಕ್ಕು ಬಾಗಿಲಂಚಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಅದನ್ನು ಕಂಡ ದಿನ ಲಕ್ಷ್ಮೀಪತಿ ಉಗುರಿನಿಂದ ಕೆರೆದು ನೋಡಿದ. ಬಾಬಾಜಾನ್ ಅವರಿಗೆ ಇದುವರೆಗೂ ಹೇಳಿಲ್ಲ.

ಈಗ ನೀವು ಕೇಳಿದ ದಿನದ ವಿಷಯ. ಏಪ್ರಿಲಿನಲ್ಲಿ ಅವ್ವನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಇನ್ನು ಮಾಡುವುದೇನಿಲ್ಲ ಎಂದರು. ಬರುವಾಗ ದಾರಿಯಲ್ಲಿ ನಿಮ್ಮ ಕಚೇರಿ. ಕೈಯಲ್ಲಾದರೂ ಮುಟ್ಟಿ ನೋಡಲಿ ಎಂದು ಒಳಗೆ ಕರೆದುಕೊಂಡು ಬಂದೆವು. ಕಾವಲಿನವರನ್ನು ಕೇಳಿದಾಗ ಅವರು ಅವ್ವನ ಮುಖ ನೋಡಿ ಹಿಂದಿನ ಬಾಗಿಲು ತೆಗೆದುಕೊಟ್ಟರು. ಅವ್ವ ಬಾಗಿಲು ಸವರಿದಳು, ಸೀಟು ಸವರಿದಳು, ಹತ್ತಿ ಕೂತಳು. ಸೆರಗು ಸರಿಮಾಡಿಕೊಂಡು, "ಗ್ಲಾಸ್ ಇಳ್ಸು. ಬುಡಪ್ಪ, ಓಗಣ" ಎಂದಳು. ಕಾರು ಬಿಡುಗಡೆಯಾಗಿದೆ, ಊರಿಗೆ ಹೊರಟಿದ್ದೇವೆ ಎಂದುಕೊಂಡಿದ್ದಳು. ಕಣ್ಣಿನ ಜೊತೆ ಜ್ಞಾಪಕವೂ ಹಿಂದುಮುಂದಾಗಿದೆ. ಲಕ್ಷ್ಮೀಪತಿ ನನ್ನ ಮುಖ ನೋಡಿದ. ನಾನು ಗ್ಲಾಸು ಇಳಿಸಿದೆ.

ಅವನು ಸ್ಟೀರಿಂಗ್ ಹಿಡಿದ. ನಾನು ಹಿಂದಿನಿಂದ ತಳ್ಳಲು ನಿಂತೆ. ಲೈಸೆನ್ಸಿಗೆ ಸಾಲಿನಲ್ಲಿ ನಿಂತಿದ್ದವರಲ್ಲಿ ಇಬ್ಬರು ಬಂದು ಕೈ ಹಾಕಿದರು, ಆಮೇಲೆ ಇನ್ನೂ ನಾಲ್ಕೈದು ಮಂದಿ. ಏನು ಎತ್ತ ಎಂದು ಯಾರೂ ಕೇಳಲಿಲ್ಲ. ಕೂತ ಟೈರಿನ ಮೇಲೆ ಕಾರು ಕುಲುಕುತ್ತ ಎಂಟು ಹಾಕುವ ಜಾಗದಲ್ಲಿ ಒಂದು ಸುತ್ತು ಬಂತು. ಕುಲುಕಾಟವನ್ನು ಅವ್ವ ಬೀದಿಯ ಕಲ್ಲುಹಾಸು ಎಂದುಕೊಂಡಳು ಅನ್ನಿಸುತ್ತದೆ. ನೇರವಾಗಿ ಕೂತಿದ್ದಳು. ನಿಂತ ಮೇಲೆ ಕೇಳಿದಳು, "ಬೀದಿ ಆಯ್ತಾ?"

ಆಯ್ತವ್ವ ಎಂದೆ.

"ಯಾರಾರ ನೋಡುದ್ರಾ?"

ಎಲ್ಲರೂ ನೋಡಿದರು ಎಂದೆ.

"ಕೂತ್ಕಂಡ್ ನೋಡುದ್ರಾ, ನಿಂತ್ಕಂಡ್ ನೋಡುದ್ರಾ?"

ಸಾಲಿನಲ್ಲಿದ್ದವರೆಲ್ಲ ನಿಂತೇ ಇದ್ದರು. "ನಿಂತ್ಕಂಡು ನೋಡುದ್ರು ಕಣವ್ವ" ಎಂದೆ. ಅವ್ವ ತಲೆಯಾಡಿಸಿದಳು. ಇದೇ ಆ ಸ್ಥಳಾಂತರ. ನಿಮ್ಮ ಕೋಣೆಯ ಕಿಟಕಿ ಅತ್ತಲೇ ಇದೆ. ನೀವು ನೋಡಿರಬಹುದು, ಕೂತು ನೋಡಿದಿರೋ ನಿಂತು ನೋಡಿದಿರೋ ಗೊತ್ತಿಲ್ಲ.

ಅಂದಿನಿಂದ ಅವ್ವ ಬಂದವರಿಗೆಲ್ಲ ಹೇಳುತ್ತಾಳೆ, ನಾನು ಕಾರಿನಲ್ಲಿ ದೊಡ್ಡಬೀದಿ ಹಾದು ಬಂದೆ ಎಂದು. ಊರಿನವರಿಗೆ ನಿಜ ಗೊತ್ತು. ಯಾರೂ ಇಲ್ಲವೆನ್ನುವುದಿಲ್ಲ. ದೊಡ್ಡಬೀದಿಯಲ್ಲೇ ಅಂಗಡಿಯಿಟ್ಟಿರುವ ಹಿರಿಯರೊಬ್ಬರು ಮನೆಗೆ ಬಂದಾಗ, ಹೌದು ಕಣಕ್ಕ, ನಾನೇ ನೋಡಿದೆನಲ್ಲ ಎಂದರು. ಅವರ ಅಪ್ಪನ ಕಾಲದಲ್ಲಿ ಆ ಅಂಗಡಿಯ ಜಗಲಿಯಿಂದಲೇ ಚಪ್ಪಲಿ ಬಿಚ್ಚಿ ಎಂಬ ಕೂಗು ಏಳುತ್ತಿತ್ತು. ಅವರ ಸುಳ್ಳನ್ನು ಕೇಳಿ ನನಗೆ ಅಳು ಬರುತ್ತದೆಂದುಕೊಂಡೆ, ಅದೂ ಬರಲಿಲ್ಲ. ಕಾಫಿ ಕೊಟ್ಟೆ. ಸದ್ಯ, ಹೀಗೇ ನಡೆದುಹೋಗಲಿ ಎಂದು ಸುಮ್ಮನಿದ್ದೆ. ಆಗಲಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಕೇರಿಯ ತೇಜಸ್ವಿನಿ ಒಳ್ಳೆಯ ಅಂಕ ತೆಗೆದು ಪಾಸಾಗಿ ಅವ್ವನ ಕಾಲಿಗೆ ನಮಸ್ಕಾರ ಮಾಡಲು ಬಂದಳು. ನಂದಾಯ್ತು, ಇನ್ನು ಮಕ್ಕಳು ಹೋಗಲಿ, ಭಾನುವಾರ ಹೊಸ ಚಪ್ಪಲಿ ಹಾಕಿಕೊಂಡು ಬಾ, ಕಾರು ಬರುತ್ತದೆ ಎಂದು ಅವ್ವ ಅವಳಿಗೆ ಹೇಳಿ ಕಳಿಸಿದ್ದಾಳೆ. ಆ ಹುಡುಗಿ ನನ್ನತ್ತ ನೋಡಿದಳು. ಒಂದು ಭಾನುವಾರವನ್ನು ಕಾರು ಸರ್ವಿಸಿಗೆ ಹೋಗಿದೆ ಎಂದು ತಳ್ಳಿದ್ದೇನೆ. ಬರುವ ಭಾನುವಾರಕ್ಕೆ ನನ್ನ ಬಳಿ ಏನೂ ಉಳಿದಿಲ್ಲ.

ಹೀಗಾಗಿ ನನ್ನ ಒತ್ತಾಯ ಇಷ್ಟು. ಆ ಕಾರನ್ನು ಹರಾಜಿನ ಪಟ್ಟಿಯಿಂದ ತೆಗೆದು ನಮಗೆ ಕೊಡಿ. ಪೂರ್ತಿ ಕೊಡಲು ನಿಯಮ ಅಡ್ಡ ಬರುವುದಾದರೆ ಒಂದು ಬೆಳಿಗ್ಗೆಯ ಮಟ್ಟಿಗೆ ಕೊಡಿ, ನಿಮ್ಮ ನಿರೀಕ್ಷಕರೇ ಮುಂದಿನ ಸೀಟಿನಲ್ಲಿ ಕೂತು ಬರಲಿ. ಬಾಗಿಲು ತೆಗೆದ ಕಾವಲಿನವರ ಮೇಲೆ ಕ್ರಮ ಬೇಡ, ದಂಡವಿದ್ದರೆ ನನಗೆ ಹಾಕಿ. ಇದಾವುದೂ ಸಾಧ್ಯವಿಲ್ಲವೆಂದಾದರೆ ನೀವೇ ಒಮ್ಮೆ ನಮ್ಮ ಮನೆಗೆ ಬನ್ನಿ. ಅವ್ವ ಬಾಗಿಲ ಬಳಿ ಮಂಚದ ಮೇಲೆ ಕೂತಿರುತ್ತಾಳೆ, ಬಂದವರು ಯಾರೆಂದು ಕೇಳದೆ ಮೊದಲು ಕೂರಲು ಹೇಳುತ್ತಾಳೆ. ಅವಳ ಪಕ್ಕ ಕೂತು, ನಿಮ್ಮ ನೋಟಿಸಿನಲ್ಲಿರುವಷ್ಟೇ ಸ್ಪಷ್ಟವಾಗಿ, "ಅಮ್ಮ, ನೀವು ಆ ಬೀದಿಯಲ್ಲಿ ಹೋಗಲೇ ಇಲ್ಲ" ಎಂದು ಹೇಳಿ. ನನ್ನ ಕೈಯಲ್ಲಿ ಆಗುವುದಿಲ್ಲ.

ಇಂತಿ,
ನಿಮ್ಮ ಪಟ್ಟಿಯ ಪ್ರಕಾರ ಇಲ್ಲವೇ ಇಲ್ಲದ ವಾರಸುದಾರಳು,
ವೇದಾವತಿ
ಮಧುಗಿರಿ