ಅತ್ತಿಗೆಯ ಬೆನ್ನ ಮೇಲಿನ ಆರು ಚೌಕ

ಮಾರ್ಚ್ 4, ಬೆಳಿಗ್ಗೆ 10.20

ಮೂರನೆಯ ದಿನದ ದೀಪ. ಅತ್ತಿಗೆ ಲ್ಯಾಬಿನ ಮಂಚದ ಮೇಲೆ ಬೋರಲು ಮಲಗಿದ್ದಾಳೆ. ಬೆನ್ನ ಮೇಲೆ ಮಾರ್ಕರ್‌ನಲ್ಲಿ ಬರೆದ ಆರು ಚೌಕ — ಎಡಗಡೆ ಮೂರಕ್ಕೆ ನಮ್ಮ ಕಂಪನಿಯ ಕ್ರೀಮು, ಬಲಗಡೆ ಮೂರು ಬರೀ ಚರ್ಮ. ಮೇಲಿಂದ ಇಪ್ಪತ್ತು ನಿಮಿಷ ನೀಲಿ ಬೆಳಕು. ಆ ಬೆಳಕಿಗೆ ಚರ್ಮ ಕಪ್ಪಾಗುತ್ತದೆ, ಈ ಕ್ರೀಮು ಹಚ್ಚಿದರೆ ಆಗುವುದಿಲ್ಲ — ಸಾಬೀತು ಮಾಡಬೇಕಾದದ್ದು ಇಷ್ಟು. ಡಬ್ಬಿಯ ಮೇಲೆ ಆಗಲೇ ಹಾಗಂತ ಅಚ್ಚು ಹಾಕಿಸಿಬಿಟ್ಟಿದ್ದಾರೆ.

ಕರೆದದ್ದು ನಾನಲ್ಲ. ಪರೀಕ್ಷೆಗೆ ಜನ ಸಾಲದು, ಮನೆಯವರನ್ನು ಕರೆತನ್ನಿ ಅಂದರು. ಅಣ್ಣ ಇವಳನ್ನು ತಂಗಿಯ ಕೊರಳಿಗೆ ಗಂಟುಹಾಕಿದ. ಹನ್ನೊಂದು ವರ್ಷದಿಂದ ಒಂದೇ ಮನೆಯಲ್ಲಿ ಹಲ್ಲು ಕಡಿದುಕೊಂಡು ಬದುಕಿದ್ದೇವೆ. ಈಗ ಇವಳ ಬೆನ್ನು ನೇವರಿಸುವ ಭಾಗ್ಯ ಬೇರೆ.

"ನಿನ್ನದು ಕೈಯೋ, ಉಪ್ಪುಕಾಗದವೋ?"

"ಅಲುಗಾಡಬೇಡಿ ಅತ್ತಿಗೆ, ಚೌಕ ಕೆಡುತ್ತೆ."

ಬಾಯಿ ಮುಚ್ಚಿಸುವ ದೀಪ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಮಾರ್ಚ್ 6

ಬೆನ್ನಿಗೆ ಬಿಸಿಲು ಬೀಳಬಾರದು ಅನ್ನುವುದು ನಿಯಮ. ಅಣ್ಣನ ಕಾಲರ್ ಶರ್ಟ್ ತೊಟ್ಟು ಮನೆಯೊಳಗೇ ಓಡಾಡುತ್ತಾಳೆ. ಬಟ್ಟೆ ಒಣಹಾಕುವ ಕೆಲಸ ನನ್ನ ತಲೆಗೆ. ಬೇಕೆಂದೇ ಮಾಡುತ್ತಿದ್ದಾಳೆ, ನನಗೆ ಗೊತ್ತಿಲ್ಲವೇ?

ಮಾರ್ಚ್ 12, ಮಧ್ಯಾಹ್ನ

ಆರೂ ಕಪ್ಪು. ಕ್ರೀಮು ಹಚ್ಚಿದ್ದೂ, ಹಚ್ಚದ್ದೂ. ಮೂರು ಸಲ ಬಣ್ಣ ಅಳೆಯುವ ಮೀಟರ್ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಮ್ಯಾನೇಜರ್‌ಗೆ ತೋರಿಸಿದೆ. ಅವನನ್ನು ನಾವು ಸುಣ್ಣ ಅನ್ನುತ್ತೇವೆ, ಮುಖಕ್ಕೆ ಅಷ್ಟು ಪೌಡರ್ ಮೆತ್ತಿಕೊಳ್ಳುತ್ತಾನೆ.

"ಬಿಸಿಲಿಗೆ ಹೋಗಿದ್ರು, ನಿಯಮ ಮುರಿದ್ರು ಅಂತ ಬರೆದು ಪಟ್ಟಿಯಿಂದ ತೆಗಿ."

"ಹೋಗಿಲ್ಲ ಸಾರ್."

"ನಿನಗೇನಮ್ಮಾ ಅಷ್ಟು ಕಳಕಳಿ? ಅವರನ್ನ ಕಂಡ್ರೆ ಆಗಲ್ಲ ಅಂತ ನೀನೇ ಹೇಳ್ತಿದ್ದೆ."

ಹೇಳುತ್ತಿದ್ದೆ. ನಿಯಮ ಮುರಿದವರ ಕಲೆಯನ್ನು ಕಂಪನಿಯ ಡಾಕ್ಟರ್ ನೋಡುವುದಿಲ್ಲ. ಆಮೇಲೆ ಅವರವರ ಪಾಡು. ಅದೂ ಗೊತ್ತಿತ್ತು. ಬರೆದೆ. ಸಹಿ ಹಾಕಿದೆ. ಸುಳ್ಳೇಕೆ, ಒಳಗೊಳಗೆ ಖುಷಿಯೇ ಆಯಿತು.

ಮಾರ್ಚ್ 19

ಕಂಪನಿಯ ಕಾಗದ ಮನೆಗೆ ಬಂತು, ಕೆಳಗೆ ನನ್ನದೇ ಸಹಿ. ಅತ್ತಿಗೆ ಅದನ್ನು ಹಿಡಿದು ನೇರ ನನ್ನ ಕೋಣೆಗೆ. ಹಿಂದೆಯೇ ಅಣ್ಣ.

"ನಾನು ಯಾವತ್ತು ಬಿಸಿಲಿಗೆ ಹೋದೆ? ಬಟ್ಟೆ ಒಣಹಾಕಿದ್ದು ಯಾರು? ನೀನೇ ತಾನೆ? ಹೇಳು!"

ನಾನು ಬಾಯಿ ಬಿಡುವ ಮೊದಲೇ ಅಣ್ಣ: "ಕೆಲಸದ ವಿಷಯದಲ್ಲಿ ಅವಳು ಸುಳ್ಳು ಬರೆಯೋಳಲ್ಲ. ನೀನೇ ಎಲ್ಲೋ ಹೋಗಿರ್ತೀಯ."

ಹನ್ನೊಂದು ವರ್ಷ ಕಾದಿದ್ದ ಮಾತು. ಅಣ್ಣ ನನ್ನ ಪರ ನಿಲ್ಲಲಿ, ಇವಳ ಮುಖ ಸಪ್ಪಗಾಗಲಿ ಎಂದು. ಆಯಿತು. ಅವಳು ಜಗಳಕ್ಕೂ ನಿಲ್ಲಲಿಲ್ಲ. ನನ್ನನ್ನೇ ನೋಡಿದಳು. ನಾನು ಕತ್ತು ಬಗ್ಗಿಸಿ ಮೊಬೈಲ್ ಒತ್ತುತ್ತಾ ಕೂತೆ. ಥೂ.

ಮಾರ್ಚ್ 20

ಅಡುಗೆಮನೆಯಲ್ಲಿ ಕೇಳಿದಳು. ದನಿ ಏರಿಸಲಿಲ್ಲ.

"ನನ್ನ ಬೆನ್ನು ನನಗೆ ಕಾಣಲ್ಲ. ಕಲೆ ಹೋಗುತ್ತೋ ಇಲ್ವೋ, ಅದನ್ನಾದ್ರೂ ನಿಜ ಹೇಳು."

"ಹೋಗುತ್ತೆ" ಅಂದೆ. ನನಗೆ ಗೊತ್ತಿಲ್ಲ.

ಮಾರ್ಚ್ 23, ಸಂಜೆ 6.40

ಸುಣ್ಣ ಇನ್ನಿಬ್ಬರ ಫೈಲು ತಂದಿಟ್ಟ. ಅವರದೂ ಆರೂ ಕಪ್ಪು. "ಅದೇ ಸಾಲು ಬರಿ" ಅಂದ. ಬರೆಯಲಿಲ್ಲ. ಅಂಕಿಗಳನ್ನು ಇದ್ದ ಹಾಗೇ, ಅತ್ತಿಗೆಯದನ್ನೂ ಸೇರಿಸಿ, ಡಾಕ್ಟರಿಗೆ ಕಳಿಸಿದೆ. ಕೆಲಸ ಹೋದಂತೆಯೇ. ಹೋಗಲಿ, ಹಾಳಾಗಲಿ.

ಅವಳನ್ನು ಕಂಡರೆ ಈಗಲೂ ಮೈ ಉರಿಯುತ್ತದೆ. ಅದು ಬೇರೆ ಮಾತು.

ಇದಕ್ಕಿಂತ ಕಷ್ಟದ್ದು ಬಾಕಿ ಇದೆ. ಅವಳ ಎದುರಿಗೇ ಅಣ್ಣನಿಗೆ ಹೇಳಬೇಕು. ಬಾಯಿಗೆ ಬರುತ್ತಿಲ್ಲ, ಬರೆದು ನೋಡುತ್ತೇನೆ.

ಅಣ್ಣಾ, ಕೋಪ ಮಾಡ್ಕೋಬೇಡ... ಅಲ್ಲ. ಮಾಡ್ಕೋ.

ಅಣ್ಣಾ, ಅತ್ತಿಗೆ ಒಂದು ದಿನಾನೂ ಬಿಸಿಲಿಗೆ ಹೋಗಿಲ್ಲ. ಸುಳ್ಳು ಬರೆದದ್ದು ನಿನ್ನ ತಂಗಿ. ಮ್ಯಾನೇಜರ್ ಹೇಳಿದ ಅನ್ನೋದು ನೆಪ. ನಾನು ಬರೆದದ್ದು ಯಾಕೆ ಅಂದ್ರೆ, ನೀನು ಅವಳನ್ನ ಬಿಟ್ಟು ಒಂದ್ಸಲ ನನ್ನ ಪರ —