ಮೋಹನ್ ಕುಮಾರ್ ಹೆಸರಿನ ಲ್ಯಾಪ್‌ಟಾಪ್

ಕಿಕ್ಕೇರಿ
14-11-2025, ಶುಕ್ರವಾರ

ಪ್ರೀತಿಯ ಯಜಮಾನರಿಗೆ,

ನಿಮ್ಮ ಸೌಮ್ಯಶ್ರೀ ಮಾಡುವ ನಮಸ್ಕಾರಗಳು. ಇಲ್ಲಿ ನಾನು, ಮಾವ, ಅತ್ತೆ ಮೂವರೂ ಕ್ಷೇಮ. ನೀವು ಹೇಗಿದ್ದೀರಿ? ಹನ್ನೆರಡು ವರ್ಷದಿಂದ ಉತ್ತರ ಬಾರದ ಪ್ರಶ್ನೆ ಇದು, ಆದರೂ ಕಾಗದ ಅಂದಮೇಲೆ ಕೇಳಲೇಬೇಕಲ್ಲ. ಮಾವನಿಗೆ ಆದಿಚುಂಚನಗಿರಿ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿದೆವು. ಇನ್ನೊಂದಕ್ಕೆ ಹೋಗಲು ಒಪ್ಪುತ್ತಿಲ್ಲ. ಅತ್ತೆಗೆ ಮಂಡಿನೋವು, ಆದರೆ ಬಾಯಿ ಮಾತ್ರ ಗಟ್ಟಿಯಾಗಿದೆ. ನಿಮ್ಮ ಹೆಸರು ಹೇಳುವಾಗ ಮಾತ್ರ ಆ ಬಾಯಿಯೂ ಮೆತ್ತಗಾಗುತ್ತದೆ.

ನಿಮ್ಮ ವಿಳಾಸ ನನಗೆ ಗೊತ್ತಿಲ್ಲ. ಹಾಗಾಗಿ ಇದನ್ನು ಅಂಚೆಗೆ ಹಾಕುತ್ತಿಲ್ಲ, ನಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿ, ಬಾಗಿಲಿನ ನಕ್ಷೆಗಳನ್ನು ಇಡುವ ಜಾಗದಲ್ಲೇ ಇಡುತ್ತಿದ್ದೇನೆ. ಅಲ್ಲಿಟ್ಟರೆ ನಿಮ್ಮ ಕಣ್ಣಿಗೆ ಬೀಳುತ್ತದೆ ಅನ್ನುವ ನಂಬಿಕೆ ನನಗೆ ಹೇಗೆ ಬಂತು ಎಂದು ಹೇಳುವುದಕ್ಕೇ ಈ ಕಾಗದ. ನನಗೆ ತಲೆ ಕೆಟ್ಟಿಲ್ಲ. ಮೊದಲಿಂದ ಹೇಳುತ್ತೇನೆ, ನಿಧಾನವಾಗಿ ಓದಿ.

ಶ್ರೀರಂಗಪಟ್ಟಣದ ಹತ್ತಿರ ಹೊಳೆ ದಂಡೆಯಲ್ಲಿ ಒಬ್ಬರು ದೊಡ್ಡ ವಸತಿಗೃಹ ಕಟ್ಟಿಸುತ್ತಿದ್ದಾರೆ. ನಲವತ್ತು ಕೆತ್ತನೆ ಬಾಗಿಲು ನಮಗೇ ಒಪ್ಪಿಸಿದ್ದಾರೆ. ಆದರೆ ನಕ್ಷೆ, ಬಿಲ್ಲು ಎಲ್ಲ ಕಂಪ್ಯೂಟರಿನಲ್ಲೇ ಬರಬೇಕಂತೆ. ನೀವು ಹೋದ ಮೇಲೆ ನಮ್ಮ ಮರಗೆಲಸದ ಅಂಗಡಿಯಲ್ಲಿ ನಕ್ಷೆ ಬರೆಯುವವಳು ನಾನೇ. ಲ್ಯಾಪ್‌ಟಾಪ್ ತರಲು ಕೆ.ಆರ್. ಪೇಟೆಯ ಸಂತೋಷ್ ಅಂಗಡಿಗೆ ಹೋದೆ. ಚೆಂದದ ಬಣ್ಣದ್ದೊಂದನ್ನು ನೋಡಿ ಕೈ ಚಾಚಿದರೆ, ಆತ ತಡೆದ. "ಅದು ಹುಡುಗ್ರು ಆಡಕ್ಕೆ ಕಣಕ್ಕ. ನಿಮ್ಗೆ ಬಿಸಿನೆಸ್ಸಿಂದೇ ಬೇಕು. ಮರದ ಪುಡಿ ತಡ್ಕತದೆ, ಕೆಳಕ್ಕೆ ಬಿದ್ರೂ ಏನೂ ಆಗಕಿಲ್ಲ" ಎಂದು ಕಪ್ಪಗೆ, ದಪ್ಪಗೆ, ಮುಖದಲ್ಲಿ ನಗುವೇ ಇಲ್ಲದಂಥದ್ದನ್ನು ತೆಗೆದು ಕೊಟ್ಟ. ನಮ್ಮ ಅತ್ತೆಯ ಸ್ವಭಾವಕ್ಕೆ ಸರಿಹೋಗುವ ಯಂತ್ರ ಎಂದುಕೊಂಡು ತಂದೆ.

ಮನೆಯಲ್ಲಿ ಅರಿಶಿನ ಕುಂಕುಮ ಇಟ್ಟು, ಕರೆಂಟು ಕೊಟ್ಟು, ಮೊಬೈಲಿನಿಂದ ನೆಟ್ಟು ಹಚ್ಚಿದೆ. ಭಾಷೆ ಕೇಳಿತು, ದೇಶ ಕೇಳಿತು, ಆಮೇಲೆ ಇದು ಯಾರದು ಎಂದು ಕೇಳಿತು. ನನ್ನ ಹೆಸರು ಒತ್ತಲು ಹೋದಾಗ ಪಕ್ಕದಲ್ಲಿ ಕೂತಿದ್ದ ಮಾವ ನನ್ನ ಕೈ ಹಿಡಿದರು. ನಿಮಗೆ ಗೊತ್ತಲ್ಲ, ನಮ್ಮ ಮನೆಯಲ್ಲಿ ಹೊಸ ಉಳಿ ಬರಲಿ, ಹೊಸ ಗರಗಸ ಬರಲಿ, ಹಿಡಿಯ ಮೇಲೆ ಹಿರಿಮಗನ ಹೆಸರು ಕೆತ್ತದೆ ಯಾರೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. "ಇದೂ ಆಯುಧವೇ ಕಣವ್ವ. ಮೋಹನನ ಹೆಸ್ರೇ ಹಾಕು" ಎಂದರು. ನನಗೆ ಕೋಪ ಬಂತು. ಬರುವ ಗುರುವಾರ ಅಮಾವಾಸ್ಯೆಗೆ ನಿಮ್ಮನ್ನು ಸತ್ತವರೆಂದು ತೀರ್ಮಾನಿಸಿ, ದರ್ಭೆಯ ಗೊಂಬೆ ಸುಟ್ಟು ತಿಥಿ ಮಾಡಲು ದಿನ ಗೊತ್ತು ಮಾಡಿದವರು ಇದೇ ಮಾವ. ಹನ್ನೆರಡು ವರ್ಷ ಕಾಣದವರಿಗೆ ಹಾಗೆ ಮಾಡಬೇಕಂತೆ. ಅವತ್ತು ನನ್ನ ಕುಂಕುಮ ಅಳಿಸುತ್ತಾರೆ. ಅದನ್ನೇ ಕೇಳಿದೆ. ಅವರು ನೆಲ ನೋಡುತ್ತಾ, "ತಿಥಿ ಆಗೋಗಂಟ ಅವ್ನೇ ಕಣವ್ವ ಯಜಮಾನ" ಎಂದರು. ಅಳು ನುಂಗಿಕೊಂಡು ನಿಮ್ಮ ಹೆಸರು ಹಾಕಿದೆ. ನೀವೇ ಹಿಂದೆ ಅಂಗಡಿಗೆಂದು ತೆರೆದ ಇ-ಮೇಲ್ ಖಾತೆಯನ್ನೇ ಕೊಟ್ಟೆ. ಅಂಗಡಿ ಮೊಬೈಲಿನಲ್ಲಿ ಇಂದಿಗೂ ಅದೇ ಇದೆ. ಸ್ವಲ್ಪ ಹೊತ್ತಿಗೆ, ನೀವು ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದ ಹಳೆಯ ನಕ್ಷೆಗಳೆಲ್ಲ ಒಂದೊಂದಾಗಿ ಬಂದು ಪರದೆಯ ಮೇಲೆ ಸಾಲಾಗಿ ಕೂತವು.

ಮಾರನೆಯ ದಿನ ಮೊದಲ ಬಾಗಿಲಿನ ನಕ್ಷೆ ಬರೆದೆ. ಮಧ್ಯಾಹ್ನ ಲ್ಯಾಪ್‌ಟಾಪ್ ಮುಚ್ಚಿಟ್ಟು ಮಾವನಿಗೆ ಮುದ್ದೆ ಬಡಿಸಿ ಬಂದು ತೆರೆದರೆ, ಬಾಗಿಲಿನ ಎತ್ತರ ಎರಡು ಬೆರಳು ಕಡಿಮೆಯಾಗಿತ್ತು. ಕೈತಪ್ಪಿ ಏನೋ ಒತ್ತಿರಬೇಕೆಂದು ಸರಿಮಾಡಿದೆ. ಮರುದಿನವೂ ಅದೇ ಹೊತ್ತಿಗೆ ಅದೇ ಎರಡು ಬೆರಳು. ಮೂರನೆಯ ದಿನ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಊಟಕ್ಕೆ ಕೂತೆ. ಬಂದು ನೋಡಿದರೆ ಎತ್ತರ ಇಳಿದಿತ್ತು, ಜೊತೆಗೆ ಮೇಲಿನ ಪಟ್ಟಿಯ ತಾವರೆಯ ದಂಟು ಎಡಕ್ಕೆ ಬಾಗಿತ್ತು. ಎಲ್ಲರೂ ಬಲಕ್ಕೆ ಬಾಗಿಸುತ್ತಾರೆ. ಎಡಗೈಯವರು ನೀವೊಬ್ಬರೇ. ಯಾರು ಬದಲಾಯಿಸಿದ್ದು ಎಂದು ಒತ್ತಿ ನೋಡಿದರೆ ಮೋಹನ್ ಕುಮಾರ್ ಎಂದೇ ತೋರಿಸಿತು. ಆದರೆ ನಾನು ಮಾಡಿದ್ದೂ ಆ ಹೆಸರಿನಲ್ಲೇ ಬೀಳುತ್ತದಲ್ಲ, ಅದನ್ನು ಹಿಡಿದುಕೊಂಡು ಏನು ಮಾಡಲಿ.

ಮಾವನನ್ನು ಕರೆದು ತೋರಿಸಿದೆ. ಅವರು ಕಣ್ಣಿನಿಂದ ನೋಡಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ದಂಟಿನ ಗೆರೆಯನ್ನು ತುದಿಯವರೆಗೂ ಸವರಿದರು. "ಅಳತೆ ಇಂಗೇ ಇರ್ಲಿ" ಎಂದಷ್ಟೇ ಹೇಳಿ ಎದ್ದುಹೋದರು. ಹಾಗೇ ಮರ ಕೊಯ್ದೆವು. ಕಳೆದ ಸೋಮವಾರ ಮೊದಲ ಬಾಗಿಲನ್ನು ಶ್ರೀರಂಗಪಟ್ಟಣಕ್ಕೆ ಒಯ್ದು ನಿಲ್ಲಿಸಿದರೆ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತಿತು. ಅಲ್ಲಿನ ಮೇಸ್ತ್ರಿ ಕರಿಯಪ್ಪ ಬೆರಗಾದ. ನಮಗೆ ಅಳತೆ ಕೊಟ್ಟ ಮೇಲೆ ನೆಲಕ್ಕೆ ಕಲ್ಲು ಹಾಸಿದ್ದರಿಂದ ಎತ್ತರ ಎರಡು ಬೆರಳು ತಗ್ಗಿತ್ತಂತೆ, ನಮಗೆ ಹೇಳಲು ಮರೆತಿದ್ದನಂತೆ. "ಯಾರು ಬಂದು ಅಳ್ತೆ ತಕ್ಕಂಡೋದ್ರು?" ಎಂದು ನನ್ನನ್ನೇ ಕೇಳಿದ. ನಾನು ಸುತ್ತ ಕೆಲಸ ಮಾಡುತ್ತಿದ್ದವರ ಮುಖಗಳನ್ನೆಲ್ಲ ನೋಡಿದೆ. ಹೊಳೆಯ ದಂಡೆಯವರೆಗೂ ಹೋಗಿ ನೋಡಿ ಬಂದೆ. ನೀವು ಬದುಕಿದ್ದೀರಿ, ಇಲ್ಲೇ ಎಲ್ಲೋ ಇದ್ದೀರಿ ಎಂದು ಅವತ್ತು ಸಂಜೆಯವರೆಗೂ ಎಷ್ಟು ಸಂತೋಷಪಟ್ಟೆನೆಂದರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ಮನೆಯಲ್ಲಿ ಏನು ವಿಶೇಷ ಎಂದು ಕೇಳಿದಳು.

ಬರುವಾಗ ಸಂತೋಷ್ ಅಂಗಡಿಗೆ ಹೊಕ್ಕೆ. ಈ ಖಾತೆ ಬೇರೆ ಎಲ್ಲಿ ತೆರೆದಿದೆ ಎಂದು ತಿಳಿಯಬಹುದೇ ಎಂದು ಕೇಳಿದೆ. ಆತ ಹುಡುಕಿ ತೋರಿಸಿದ. ಒಂದು ಈ ಲ್ಯಾಪ್‌ಟಾಪು, ಇನ್ನೊಂದು ಅಂಗಡಿಯ ಮೊಬೈಲು, ಮೂರನೆಯದು ನಿಮ್ಮ ಹಳೆಯ ಫೋನು. ಆ ಫೋನಿನ ಕೊನೆಯ ಬಳಕೆ ಇವತ್ತು ಮಧ್ಯಾಹ್ನ ಎಂದಿತ್ತು. "ಆ ಫೋನು ಯಾರತ್ರ ಅದೆ ಅಕ್ಕ?" ಎಂದ. ಹೇಮಾವತಿ ನಾಲೆಯ ಮೆಟ್ಟಿಲ ಮೇಲೆ ನಿಮ್ಮ ಚಪ್ಪಲಿಯ ಜೊತೆ ಸಿಕ್ಕಿದ ಫೋನು ಅದು. ನನ್ನ ಬೀರುವಿನಲ್ಲಿ, ಮದುವೆ ಸೀರೆಯ ಮಡಿಕೆಯಲ್ಲಿದೆ. ಮನೆಗೆ ಬಂದು ತೆಗೆದು ನೋಡಿದೆ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಬಾಯಿಬಿಟ್ಟಿದೆ. ಹನ್ನೆರಡು ವರ್ಷದಿಂದ ಅದಕ್ಕೆ ಕರೆಂಟು ಸೋಕಿಲ್ಲ.

ಅಂದಿನಿಂದ ನನಗೆ ಭಯ ಮತ್ತು ಆಸೆ ಎರಡೂ ಒಟ್ಟಿಗೇ ಆಗುತ್ತಿವೆ. ಮಧ್ಯಾಹ್ನ ಆಗದಿರಲಿ ಅನ್ನಿಸುತ್ತದೆ, ಬೆಳಗಿನಿಂದ ಮಧ್ಯಾಹ್ನಕ್ಕೇ ಕಾಯುತ್ತೇನೆ. ಕೇಳುವುದು ಇಷ್ಟೇ. ಬದುಕಿದ್ದರೆ ಗುರುವಾರದೊಳಗೆ ಒಂದು ಮಾತು ಬರೆಯಿರಿ. ಮನೆಗೆ ಬನ್ನಿ ಎಂದು ನಾನು ಒತ್ತಾಯ ಮಾಡುವುದಿಲ್ಲ, ಯಾಕೆ ಹೋದಿರಿ ಎಂದೂ ಕೇಳುವುದಿಲ್ಲ. ಒಂದೇ ಒಂದು ಮಾತಿದ್ದರೆ ಸಾಕು, ಮಾವನ ಮುಂದೆ ಹಿಡಿದು ತಿಥಿ ನಿಲ್ಲಿಸುತ್ತೇನೆ. ಬದುಕಿರುವ ಗಂಡನ ಗೊಂಬೆ ಸುಡುವುದನ್ನು ನೋಡುತ್ತಾ ನಿಲ್ಲಲು ನನ್ನಿಂದಾಗದು.

ಅಪ್ಪ ಅಮ್ಮ ಇಬ್ಬರ ಆಶೀರ್ವಾದವೂ ನಿಮ್ಮ ಮೇಲಿದೆ. ಕೇಳದೆಯೇ ಅವರ ಪರವಾಗಿ ಬರೆದಿದ್ದೇನೆ, ಬೇಡ ಅನ್ನುವವರಲ್ಲ. ಮೈ ಕಡೆ ಗಮನವಿರಲಿ.

ಇಂತಿ ನಿಮ್ಮವಳೇ ಆದ
ಸೌಮ್ಯಶ್ರೀ

ವಿ.ಸೂ: ಕಾಗದ ಮುಗಿಸಿ ಮಾವನಿಗೆ ಬಡಿಸಲು ಹೋಗಿದ್ದೆ. ಈಗ ಬಂದು ನೋಡಿದರೆ ನನ್ನ ಹೆಸರಿನ ಕೆಳಗೆ ನಾನು ಬರೆಯದ ಒಂದು ಸಾಲಿದೆ. "ತಿಥಿ ಮಾಡ್ಸು ಸೌಮಿ" ಎಂದಿದೆ. ನನ್ನನ್ನು ಸೌಮಿ ಎಂದವರು ನೀವೊಬ್ಬರೇ. ಅದನ್ನು ಇಪ್ಪತ್ತು ಸಲ ಓದಿದೆ, ಅಳಿಸಿಲ್ಲ. ಬದುಕಿದ್ದು ನನ್ನಿಂದ ಬಿಡಿಸಿಕೊಳ್ಳಲು ಬರೆದಿರೋ, ಸತ್ತು ದಾರಿ ಕಾಣದೆ ಬರೆದಿರೋ, ಇನ್ನು ಕೇಳುವುದಿಲ್ಲ. ಗುರುವಾರ ಮಾಡಿಸುತ್ತೇನೆ. ಎಡೆಗೆ ಏನು ಅಡಿಗೆ ಮಾಡಲಿ, ಅದೊಂದನ್ನಾದರೂ ಹೇಳಿ.